ಸಭೆಯಲ್ಲಿ ಮೌನ



ನಾಲ್ಕು ಜನ ಕೂಡಿ ಕುಳಿತ ಮಾತ್ರಕ್ಕೆ ಅದು ಸಭೆಯಾಗುವುದಿಲ್ಲ. ಸಂತೆಯಲ್ಲಿಯೂ ಜನ ಕೂಡುತ್ತಾರೆ. ಕೂಡಿದವರು ಒಂದು ವಿಷಯವನ್ನು ಎದುರಿಗಿಟ್ಟುಕೊಂಡು, ಅದರ ಗುಣದೋಷಗಳನ್ನು ಅಂಜಿಕೆಯಿಲ್ಲದೆ ತೂಗಿ ನೋಡಿ ನಿರ್ಣಯಕ್ಕೆ ಬಂದಾಗ ಅದು ಸಭೆ. ಸಭೆಯಲ್ಲಿ ಸುಳ್ಳಾಡಿದವನೂ, ತಿಳಿದೂ ಬಾಯಿ ಮುಚ್ಚಿ ಕುಳಿತವನೂ ಇಬ್ಬರೂ ಪಾಪಿಗಳೇ ಎಂಬುದು ನಮ್ಮ ಧರ್ಮಶಾಸ್ತ್ರಕಾರರ ಮತ. ಮಹಾಭಾರತದ ದ್ಯೂತಸಭೆಯನ್ನು ನೆನೆಯಿರಿ. ದ್ರೌಪದಿಯು ಕೇಳಿದ ಪ್ರಶ್ನೆಗೆ ಭೀಷ್ಮರು ಧರ್ಮವು ಸೂಕ್ಷ್ಮವೆಂದು ಹೇಳಿ ಜಾರಿಕೊಂಡರು. ಕೌರವರಲ್ಲಿಯೇ ಒಬ್ಬನಾದ ವಿಕರ್ಣನು ಎದ್ದು ನ್ಯಾಯದ ಮಾತನಾಡಿದರೆ, ಕರ್ಣನು ಅವನನ್ನು ಬಾಲಕನೆಂದು ಹಳಿದು ಬಾಯಿ ಮುಚ್ಚಿಸಿದನು. ಆ ಸಭೆಯ ಫಲವನ್ನು ಕುರುಕ್ಷೇತ್ರದಲ್ಲಿ ಎಲ್ಲರೂ ಉಣ್ಣಬೇಕಾಯಿತು.

ಇದು ಹಳೆಯ ಕಾಲದ ಮಾತು, ಈಗಿನ ವಿದ್ಯಾವಂತರ ಸಭೆಗಳಲ್ಲಿ ಹೀಗಾಗುವುದುಂಟೇ ಎಂದು ಕೆಲವರು ಕೇಳಬಹುದು. ಉಂಟು. ಅಮೇರಿಕದ ಇತಿಹಾಸದ ಒಂದು ಪ್ರಸಂಗವನ್ನು ಹೇಳುತ್ತೇವೆ, ಕೇಳಿ.

1961ರ ಜನವರಿಯಲ್ಲಿ ಜಾನ್ ಕೆನಡಿಯವರು ಅಲ್ಲಿನ ಅಧ್ಯಕ್ಷರಾದರು. ಸುತ್ತಲೂ ಘನವಿದ್ವಾಂಸರು, ಸೇನಾಪತಿಗಳು. ಕ್ಯೂಬಾದಲ್ಲಿ ಫಿಡೆಲ್ ಕಾಸ್ಟ್ರೋ ಅವರ ಸರಕಾರವನ್ನು ಉರುಳಿಸಲು ಹಿಂದಿನ ಸರಕಾರದ ಕಾಲದಲ್ಲಿಯೇ ಗುಪ್ತಚರ ಇಲಾಖೆ ಒಂದು ಯೋಜನೆ ಹೂಡಿತ್ತು. ಅದು ಈ ಸಭೆಯ ಮುಂದೆ ಬಂತು. ದಂಡು ಸೋತರೆ ಬೆಟ್ಟ ಸೇರಿ ಉಳಿಯಬಹುದೆಂದು ಎಲ್ಲರೂ ನಂಬಿದ್ದರು. ಆದರೆ ಇಳಿಯುವ ಸ್ಥಳ ಬದಲಾದ ಮೇಲೆ ಆ ಬೆಟ್ಟಕ್ಕೂ ದಡಕ್ಕೂ ನಡುವೆ ಸುಮಾರು 80 ಮೈಲಿ ದೂರ, ಕೆಸರು, ಜೌಗು! ನಕ್ಷೆ ಎದುರಿಗೇ ಇತ್ತು, ಕೇಳುವವರಿರಲಿಲ್ಲ.

ಆರ್ಥರ್ ಶ್ಲೆಸಿಂಜರ್ ಎಂಬ ಇತಿಹಾಸಕಾರರಿಗೆ ಈ ಯೋಜನೆ ತಪ್ಪೆಂದು ಅನ್ನಿಸಿತ್ತು. ಅಧ್ಯಕ್ಷರಿಗೆ ಬರೆದೂ ಕೊಟ್ಟಿದ್ದರು. ಆದರೆ ಸೇನಾಪತಿಗಳ ನಡುವೆ ಕುಳಿತಾಗ ಅವರ ನಾಲಿಗೆ ಏಳಲಿಲ್ಲ. ಅಧ್ಯಕ್ಷರ ತಮ್ಮ ರಾಬರ್ಟ್ ಅವರಂತೂ ಅವರನ್ನು ಬದಿಗೆ ಕರೆದು, ಅಣ್ಣನ ಮನಸ್ಸು ಗಟ್ಟಿಯಾಗಿದೆ, ಇನ್ನು ಒತ್ತಾಯ ಬೇಡವೆಂದು ತಿಳಿಸಿದರು. ಫುಲ್‌ಬ್ರೈಟ್ ಎಂಬ ಸೆನೆಟರ್ ಒಬ್ಬರು ಸಭೆಗೆ ಬಂದು ನೇರವಾಗಿ ವಿರೋಧಿಸಿದರು. ಅವರ ಮಾತಿನ ಮೇಲೆ ಚರ್ಚೆಯೇ ನಡೆಯಲಿಲ್ಲ. ಏಪ್ರಿಲ್ 17ರಂದು ಸುಮಾರು 1,400 ಜನ ದಡದಲ್ಲಿ ಇಳಿದರು. ಮೂರೇ ದಿನಗಳಲ್ಲಿ ಎಲ್ಲವೂ ಮುಗಿಯಿತು. ನೂರಕ್ಕೂ ಹೆಚ್ಚು ಜನ ಮಡಿದರು, ಸಾವಿರಕ್ಕೂ ಹೆಚ್ಚು ಜನ ಸೆರೆಸಿಕ್ಕರು. ತಾವು ಮೌನವಾಗಿದ್ದುದಕ್ಕೆ ಶ್ಲೆಸಿಂಜರ್ ಅವರು ಮುಂದೆ ತಮ್ಮ ಗ್ರಂಥದಲ್ಲಿ ಪಶ್ಚಾತ್ತಾಪಪಟ್ಟರು.

ಮರುವರ್ಷ ಅಕ್ಟೋಬರ್ 16ರಂದು ಅದೇ ಅಧ್ಯಕ್ಷರ ಮುಂದೆ ಇನ್ನೂ ಘೋರವಾದ ಸುದ್ದಿ ಬಂತು. ರಷ್ಯಾದವರು ಕ್ಯೂಬಾದಲ್ಲಿ ಅಣ್ವಸ್ತ್ರದ ಕ್ಷಿಪಣಿಗಳನ್ನು ತಂದಿಟ್ಟಿದ್ದರು. ಕೂಡಲೆ ಬಾಂಬು ಹಾಕಬೇಕೆಂದು ಹಲವರು ಎಂದರು. ಆದರೆ ಈ ಸಲ ಸಭೆಯ ರೀತಿ ಬೇರೆಯಾಗಿತ್ತು. ತಮ್ಮ ಮುಖ ನೋಡಿ ಜನ ಮಾತು ಬದಲಿಸುತ್ತಾರೆಂದು ಕೆನಡಿಯವರು ಕೆಲವು ಸಭೆಗಳಿಗೆ ಬೇಕೆಂದೇ ಹೋಗಲಿಲ್ಲ. ಸದಸ್ಯರು ಗುಂಪುಗಳಾಗಿ ತಮ್ಮ ತಮ್ಮ ಪಕ್ಷವನ್ನು ಬರೆದು, ಪರಸ್ಪರ ಬದಲಿಸಿಕೊಂಡು, ಒಬ್ಬರ ದೋಷವನ್ನು ಇನ್ನೊಬ್ಬರು ಎತ್ತಿ ತೋರಿಸಿದರು. ನಮ್ಮ ಶಾಸ್ತ್ರಗಳಲ್ಲಿ ಪೂರ್ವಪಕ್ಷವನ್ನು ಪೂರ್ತಿಯಾಗಿ ಹೇಳದೆ ಸಿದ್ಧಾಂತಕ್ಕೆ ಹೋಗುವಂತಿಲ್ಲ. ಇದೂ ಅದೇ ಕ್ರಮ. ಅಕ್ಟೋಬರ್ 27ರಂದು, ಮಾತುಕತೆಯಿಂದ ಕೆಲಸವಾಗದೆಂದು ಅಧ್ಯಕ್ಷರೇ ಎಂದಾಗ, ಹಿಂದೆ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದ ಥಾಂಪ್ಸನ್ ಅವರು ಎದುರಿನಲ್ಲಿಯೇ ಒಪ್ಪುವುದಿಲ್ಲವೆಂದರು. ಬಾಂಬಿನ ಬದಲು ಸಮುದ್ರದಲ್ಲಿ ಹಡಗುಗಳ ತಡೆ, ಅದರ ಜೊತೆಗೆ ಸಂಧಾನ, ಇವೇ ಉಳಿದವು. 28ರಂದು ರಷ್ಯಾ ಕ್ಷಿಪಣಿಗಳನ್ನು ಹಿಂದಕ್ಕೆ ಒಯ್ಯಲು ಒಪ್ಪಿತು.

ಅಂದು ಬಾಂಬು ಬಿದ್ದಿದ್ದರೆ ಏನಾಗುತ್ತಿತ್ತು? ಕ್ಯೂಬಾದಲ್ಲಿ 40 ಸಾವಿರಕ್ಕೂ ಮಿಕ್ಕ ರಷ್ಯನ್ ಸೈನಿಕರಿದ್ದರು, ರಣರಂಗದಲ್ಲಿ ಬಳಸುವ ಸಣ್ಣ ಅಣ್ವಸ್ತ್ರಗಳೂ ಸಿದ್ಧವಿದ್ದವು ಎಂಬ ಸಂಗತಿ 1992ರಲ್ಲಿ ಹೊರಬಿತ್ತು. ಆ ಸಭೆಯವರಿಗೆ ಇದು ಗೊತ್ತಿರಲಿಲ್ಲ. ತಮಗೆ ಗೊತ್ತಿಲ್ಲದ್ದು ಇರಬಹುದೆಂಬ ವಿನಯವೇ ಲೋಕವನ್ನು ಕಾಯಿತು.

ಆ ಸಭೆಯೂ ನಿರ್ದೋಷವಲ್ಲ. ತುರ್ಕಸ್ತಾನದಲ್ಲಿದ್ದ ಅಮೇರಿಕದ ಕ್ಷಿಪಣಿಗಳನ್ನು ತೆಗೆಯುವ ಗುಟ್ಟಿನ ಮಾತನ್ನು ಕೆಲವರೇ ಒಳಕೋಣೆಯಲ್ಲಿ ಕೂಡಿ ನಿಶ್ಚಯಿಸಿದರು. ಉಳಿದ ಸದಸ್ಯರಿಗೆ ತಿಳಿಸಲಿಲ್ಲ. ಸಭೆಯೊಳಗೆ ಇನ್ನೊಂದು ಸಭೆ ಹುಟ್ಟುವುದು ಅಧಿಕಾರದ ಸ್ವಭಾವ.

ಇರ್ವಿಂಗ್ ಜಾನಿಸ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ಈ ಎರಡೂ ನಿರ್ಣಯಗಳನ್ನು ಹೋಲಿಸಿ ಗ್ರಂಥವನ್ನೇ ಬರೆದರು. ಅವೇ ಜನ ಬಹುಮಟ್ಟಿಗೆ, ಅದೇ ಬುದ್ಧಿ. ಒಮ್ಮೆ ಎಡವಿದರು, ಒಮ್ಮೆ ದಾಟಿದರು. ಹಾಗಾದರೆ ವ್ಯತ್ಯಾಸ ಬುದ್ಧಿಯಲ್ಲಿರಲಿಲ್ಲ, ಕೂಡಿ ಮಾತಾಡಿದ ರೀತಿಯಲ್ಲಿತ್ತು.

ತಮ್ಮ ಊರುಗಳಲ್ಲಿಯೂ ಪಂಚಕಮಿಟಿಗಳಿವೆ, ಸಹಕಾರಿ ಸಂಘಗಳಿವೆ, ಮನೆಯಲ್ಲಿ ಅಣ್ಣತಮ್ಮಂದಿರು ಕೂಡಿ ಆಡುವ ಮಾತುಗಳಿವೆ. ಅಧ್ಯಕ್ಷರು ಮೊದಲೇ ತಮ್ಮ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ತಲೆದೂಗುತ್ತಾರೆ. ಗೋಣು ಹಾಕಿದವರೆಲ್ಲ ಒಪ್ಪಿದವರಲ್ಲ. ಆದುದರಿಂದ ಹಿರಿಯರು ಕೊನೆಗೆ ಮಾತಾಡಲಿ. ಕಿರಿಯರನ್ನು, ಹೆಣ್ಣುಮಕ್ಕಳನ್ನು, ಮೂಲೆಯಲ್ಲಿ ಕುಳಿತವರನ್ನು ಹೆಸರು ಹಿಡಿದು ಕೇಳಲಿ. ಬೇಡವೆಂದವನನ್ನು ವೈರಿಯೆಂದು ತಿಳಿಯಬಾರದು. ಸಂಶಯವಿದ್ದವರು ಸಭೆಯಲ್ಲಿಯೇ ಹೇಳಲಿ. ಹೊರಗೆ ಬಂದು ಕಟ್ಟೆಯ ಮೇಲೆ ಆಡಿದ ಸತ್ಯದಿಂದ ಯಾರಿಗೂ ಪ್ರಯೋಜನವಿಲ್ಲ.

ತಮ್ಮ ಸಭೆಗಳು ನಿಜವಾದ ಸಭೆಗಳಾಗಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.