ಮೇಳಕ್ಕಿದ್ದ ಮಳೆಗಾಲದ ಬಿಡುವು

"ದಿನಾ ಒಂದು ತಾಸು ವಾಕಿಂಗು, ಒಂದಿನಾನೂ ತಪ್ಪಿಸ್ತ್ನಿಲ್ಲೆ" ಹೇಳಿ ಈಗ ಕುಮಟೆಯಿಂದ ಭಟ್ಕಳದವರೆಗೂ ಹೆಂಗಸರ ಮಾತು. ಒಳ್ಳೇದೇಯ. ಆದರೆ ಬಿಡುವೂ ಕಸರತ್ತಿನ ಭಾಗವೇ ಹೇಳದು ನಮ್ಮೂರಿಗೆ ಹೊಸತಲ್ಲ.

ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ. ಆಗೆಲ್ಲ ಮೇಳಗಳ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾದರೆ ಮಳೆ ಬಪ್ಪಲ್ಲಿವರೆಗೆ. ಕೊಯ್ದ ಗದ್ದೆ ಬಯಲೇ ರಂಗ. ತಲೆ ಮೇಲೆ ಕಿರೀಟದ ಭಾರ, ಬೆಳಗಿನವರೆಗೆ ಕುಣಿತ, ನಡುನಡುವೆ ಮಂಡಿ ಹಾಕದು. ಮಳೆ ಹಿಡಿದರೆ ಬಯಲೂ ಇಲ್ಲೆ, ಆಟವೂ ಇಲ್ಲೆ. ಮನೆಗೆ ಬಂದವಕ್ಕೆ ನಾಟಿ ಕೆಲಸ ಇತ್ತು ಹೌದು. ಆದರೆ ಮಂಡಿಗೆ, ಗಂಟಲಿಗೆ, ನಿದ್ದೆಗೆಟ್ಟ ಕಣ್ಣಿಗೆ ಬಿಡುವು ಸಿಕ್ತಿತ್ತು. ದಣಿದ ಸ್ನಾಯು ಸರಿಯಾಗಿ ಗಟ್ಟಿಯಾಗದು ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ.

ಹೆಂಗಸರಿಗೆ ಅಂಥ ಬಿಡುವು ಇದ್ದಿದ್ದು ಬಾಣಂತನದಲ್ಲಿ ಮಾತ್ರ: ಎಣ್ಣೆ, ಬಿಸಿನೀರು, ನಲವತ್ತು ದಿನ. ಆಮೇಲೆ ಒಲೆಗೂ ಕೊಟ್ಟಿಗೆಗೂ ಮಳೆಗಾಲದ ರಜೆ ಇಲ್ಲೆ. ಅದರ ಮೇಲೆ ಈಗ ವಾಕಿಂಗು!

ಹಂಗಾಗಿ ವಾರಕ್ಕೆ ಒಂದಿನ ವಾಕಿಂಗಿಗೆ ರಜೆ ಕೊಡಿ. ಮಂಡಿ ನೋವಿದ್ದರೆ ಹಲ್ಲು ಕಚ್ಚಿ ನಡೆಯಡಿ, ಡಾಕ್ಟರಿಗೆ ತೋರ್ಸಿ. ಆ ದಿನ ಕೊಟ್ಟಿಗೆ ಕೆಲಸ ಮನೆಯ ಗಂಡಸರು ನೋಡ್ಕಳ್ಳಲಿ. ಕೆಲಸ ಬಿಡದಿದ್ದರೆ ಅದು ರಜೆ ಹೆಂಗಾಗ್ತು, ಅಲ್ದಾ?