ಬಿಡಾರವೆಂಬ ಮಾತು

ಕುಂದಾಪುರದಲ್ಲಿ ಬಾಡಿಗೆಮನೆ ಹಿಡಿದವನ ವಾಸವು ಬಿಡಾರ. ಮಂದರ್ತಿಯ ಯಕ್ಷಗಾನಮೇಳವು ತಿರುಗಾಟದಲ್ಲಿ ಹಗಲು ತಂಗುವ ಎಡೆಯೂ ಬಿಡಾರವೇ. ಈ ಮಾತನ್ನು ಕೀಳೆಂದು ಬಗೆದು 'ಲಾಡ್ಜು' ಎನ್ನುವವರು ಅದರ ಕುಲವನ್ನರಿಯರು. 'ಬಿಡು' ಧಾತುವೇ ಇದರ ಬೇರು. ದಾರಿ ನಡೆದವರು ಹೊರೆಯಿಳಿಸಿ ಎತ್ತಿನ ನೊಗ ಬಿಟ್ಟ ತಾಣವು ಬೀಡು. ದಂಡಿನ ಪಾಳೆಯಕ್ಕೆ ಸಂದ ಆ ಪದವು ಶಾಸನಗಳಲ್ಲಿ 'ನೆಲೆವೀಡು' ಎನಿಸಿ ರಾಜಧಾನಿಯನ್ನೇ ಸೂಚಿಸಿತು. ಹೊಯ್ಸಳರ ದೋರಸಮುದ್ರವು ಇಂದಿಗೆ ಹಳೇಬೀಡು. ಕರಾವಳಿಯ ಜೈನ ಅರಸುಮನೆಗಳೂ ಬೀಡುಗಳೇ. ಅರಸನಿಗೂ ಬಾಡಿಗೆಯವನಿಗೂ ಧಾತುವೊಂದೇ ಆದುದು ವಿನೋದವಲ್ಲವೆ! ಛತ್ರವಾದರೋ ಕೊಡೆಯಲ್ಲ, ಸಂಸ್ಕೃತದ ಸತ್ರ. ಅಲ್ಲಿ ಬಾಡಿಗೆಯ ಮಾತಿಲ್ಲ, ಅನ್ನದಾನವುಂಟು.

ಇನ್ನು ಬೈಂದೂರು, ಕೊಲ್ಲೂರುಗಳ ಹಲಗೆಗಳಲ್ಲಿ ಮೆರೆಯುವ ಲಾಡ್ಜು, ಹಳೆಯ ಫ್ರೆಂಚಿನಲ್ಲಿ ಎಲೆಗಳ ಚಪ್ಪರಕ್ಕಿದ್ದ ಹೆಸರಿನಿಂದ ಬಂದುದು. ಅರ್ಥದಲ್ಲಿ ಅದು ಅಮರಕೋಶವು ಮುನಿಗಳಿಗೆಂದು ಹೇಳಿದ ಪರ್ಣಶಾಲೆಯೇ.