ಬೆಳಗಿನ ಪತ್ರಿಕೆ, ಇತಿಹಾಸದ ಪಾಠ: ಕುಂದಾಪುರ ಸೀಮೆಯಿಂದ ಒಂದು ಸಮೀಕ್ಷೆ

2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಐಎನ್‌ಎಸ್ ವಿಕ್ರಾಂತ್ ನೌಕಾಪಡೆಗೆ ಸೇರಿತು. ಅದೇ ದಿನ ನೌಕಾಪಡೆಯ ಧ್ವಜವೂ ಬದಲಾಯಿತು. ಬ್ರಿಟಿಷರ ಕಾಲದ ಶಿಲುಬೆಯ ಗುರುತು ಹೋಗಿ, ಶಿವಾಜಿಯ ರಾಜಮುದ್ರೆಯಿಂದ ಪ್ರೇರಣೆ ಪಡೆದ ಅಷ್ಟಕೋನದ ಲಾಂಛನ ಬಂತು. ಪತ್ರಿಕೆ ಓದಿದವರಿಗೆ ಅದು ದೆಹಲಿ, ಕೊಚ್ಚಿಗಳ ಸುದ್ದಿ. ತಲ್ಲೂರಿನ ಹೈಸ್ಕೂಲು ಹುಡುಗ ಹುಡುಗಿಯರಿಗೆ ಅದು ಊರಿನ ಸುದ್ದಿಯೂ ಹೌದು. ಕುಂದಾಪುರಕ್ಕೆ ಬಂದು ಬಸ್ಸು ಬದಲಿಸಿದರೆ ಸಿಗುವ ಬಸ್ರೂರಿಗೆ 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಪಡೆಯೊಂದಿಗೆ ಕಡಲ ದಾರಿಯಲ್ಲಿ ಬಂದು ದಾಳಿ ಮಾಡಿದ್ದ. ಅಕ್ಕಿಯ ವ್ಯಾಪಾರಕ್ಕೆ ಹೆಸರಾಗಿದ್ದ ಆ ಬಂದರಿನ ಮೇಲೆ ಪೋರ್ಚುಗೀಸರ ಕಣ್ಣು ಅದಕ್ಕೂ ಮೊದಲೇ ಬಿದ್ದಿತ್ತು. ಅವರ ದಾಖಲೆಗಳಲ್ಲಿ ಬಸ್ರೂರು ‘ಬಾರ್ಸೆಲೋರ್’. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಯುರೋಪಿಯನ್ನರ ಆಗಮನದ ಪಾಠವಿದೆ, ಪತ್ರಿಕೆಯಲ್ಲಿ ಧ್ವಜದ ಸುದ್ದಿಯಿದೆ, ಹೊಳೆಯಾಚೆ ಬಸ್ರೂರಿದೆ. ಈ ಮೂರನ್ನೂ ಒಂದೇ ದಿನ ಒಂದೇ ತರಗತಿಯಲ್ಲಿ ಕೂಡಿಸುವ ಕೆಲಸ ನಮ್ಮ ಶಾಲೆಗಳಲ್ಲಿ ಎಷ್ಟರ ಮಟ್ಟಿಗೆ ನಡೆದಿದೆ? ಅದು ಬೆಳೆದು ಬಂದ ದಾರಿಯನ್ನು ನೋಡುವುದು ಈ ಲೇಖನದ ಉದ್ದೇಶ.

ಕಲ್ಲಚ್ಚಿನ ಕಾಲ

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಕರಾವಳಿಯಲ್ಲೇ. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಊರಿನ ವರ್ತಮಾನ, ಸರಕಾರದ ಕಾನೂನು, ಹೊರನಾಡಿನ ಸಂಗತಿ ಎಲ್ಲವನ್ನೂ ತಿಳಿಗನ್ನಡದಲ್ಲಿ ಜನರ ಮುಂದಿಡುವುದು ಅದರ ಗುರಿ. ಅದೇ ಮಿಶನ್ ಶಾಲೆಗಳನ್ನೂ ತೆರೆಯಿತು, ಪಠ್ಯಗಳನ್ನೂ ಅಚ್ಚು ಹಾಕಿತು. ಹೀಗೆ ಪತ್ರಿಕೆ ಮತ್ತು ಪಠ್ಯಪುಸ್ತಕ ನಮ್ಮಲ್ಲಿ ಒಂದೇ ಅಚ್ಚುಕೂಟದ ಮಕ್ಕಳು.

ಆದರೆ ತರಗತಿಯೊಳಗೆ ಅವೆರಡೂ ಬೇಗ ಒಂದಾಗಲಿಲ್ಲ. ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತ್ಯದ ಜಿಲ್ಲೆ. ಶಾಲೆಯ ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ, ಗವರ್ನರ್ ಜನರಲ್‌ಗಳ ಸಾಲು. ಬಾರಕೂರಿನ ಆಳುಪರಾಗಲಿ, ಹಟ್ಟಿಯಂಗಡಿಯ ಬಸದಿಯಾಗಲಿ ಆ ಪುಸ್ತಕಗಳಲ್ಲಿ ಕಾಣುತ್ತಿರಲಿಲ್ಲ. ಕನ್ನಡಿಗರಿಗೆ ತಮ್ಮದೇ ಚರಿತ್ರೆಯ ಅಭಿಮಾನ ಹುಟ್ಟಿಸಿದ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದದ್ದು 1917ರಲ್ಲಿ. ಕರಾವಳಿಯಲ್ಲಿ ಶಿಕ್ಷಕರೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರು ಕೋಟಿ ಚೆನ್ನಯರ ಕಥೆಯನ್ನು ಗದ್ಯಕ್ಕೆ ತಂದು, ತುಳು ಜನಪದ ಹಾಡಾದ ಪಾಡ್ದನದಲ್ಲಿದ್ದ ಊರಿನ ಚರಿತ್ರೆ ಮಕ್ಕಳ ಕೈಗೆ ಸಿಗುವಂತೆ ಮಾಡಿದರು. ಕೋಟದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. 1930ರ ದಶಕದಲ್ಲಿ ಅವರು ಹೊರತಂದ ‘ಬಾಲ ಪ್ರಪಂಚ’ ಮೂರು ಸಂಪುಟಗಳಲ್ಲಿ ಇಡೀ ಲೋಕವನ್ನು ಕನ್ನಡದ ಮಗುವಿನ ಮುಂದೆ ತೆರೆದಿಟ್ಟಿತು. ಶಾಲೆಯ ಗೋಡೆಯಾಚೆಗಿನ ಬದುಕೇ ನಿಜವಾದ ಪಾಠವೆಂಬ ನಂಬಿಕೆಯಿಂದಲೇ ಅವರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ್ದು.

ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಸುದ್ದಿ ಮತ್ತು ಇತಿಹಾಸದ ನಡುವೆ ಅಂತರವೇ ಇರಲಿಲ್ಲ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಕುಂದಾಪುರಕ್ಕೆ ಬಂದರು. ಅಂದು ಅವರನ್ನು ಕಂಡ ಶಾಲಾ ಮಕ್ಕಳಿಗೆ ಅದು ಆ ದಿನದ ವರ್ತಮಾನ. ಆ ಮಕ್ಕಳ ಮೊಮ್ಮಕ್ಕಳಿಗೆ ಅದು ಪರೀಕ್ಷೆಯ ಪ್ರಶ್ನೆ. 1937ರ ವಾರ್ಧಾ ಶಿಕ್ಷಣ ಯೋಜನೆಯೂ ಕಲಿಕೆಯನ್ನು ಮಗುವಿನ ಕೈಕೆಲಸಕ್ಕೆ, ಸುತ್ತಲಿನ ಬದುಕಿಗೆ ಕಟ್ಟಿಹಾಕಲು ನೋಡಿತು.

‘ಇಂದಿನ ವಾರ್ತೆಗಳು’

ಸ್ವಾತಂತ್ರ್ಯಾನಂತರ 1952–53ರ ಮುದಲಿಯಾರ್ ಆಯೋಗ ಇತಿಹಾಸ, ಭೂಗೋಳ, ಪೌರನೀತಿಗಳನ್ನು ಒಟ್ಟಿಗೆ ಕಲಿಸಬೇಕೆಂದಿತು. ‘ಸಮಾಜ ಪಾಠ’ವೆಂಬ ಹೆಸರು ಮನೆಮಾತಾಯಿತು. ಪುಸ್ತಕ ಒಂದಾದರೂ ಒಳಗಿನ ಭಾಗಗಳು ಬೇರೆಬೇರೆಯಾಗಿಯೇ ಉಳಿದವು ಎಂಬುದನ್ನು ಇಂದಿನ ವಿದ್ಯಾರ್ಥಿಗಳೂ ಬಲ್ಲರು.

ಈ ಅವಧಿಯ ನಿಜವಾದ ಕೊಡುಗೆ ಬಂದದ್ದು ಆಯೋಗಗಳಿಂದಲ್ಲ, ಬೆಳಗಿನ ಪ್ರಾರ್ಥನೆಯ ಸಾಲಿನಿಂದ. ನಾಡಗೀತೆ, ಸುಭಾಷಿತದ ಬಳಿಕ ಒಬ್ಬ ವಿದ್ಯಾರ್ಥಿ ಮುಂದೆ ಬಂದು ‘ಇಂದಿನ ವಾರ್ತೆಗಳು’ ಎಂದು ಐದಾರು ಸುದ್ದಿ ಓದುವ ಪದ್ಧತಿ ಕರ್ನಾಟಕದ ಉದ್ದಗಲಕ್ಕೂ ಹಬ್ಬಿತು. ಹಿಂದೆ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿ ಬರೆದುಕೊಂಡು ಬರುವುದಿತ್ತು. 1970ರ ಜನವರಿ 1ರಂದು ಮಣಿಪಾಲದಿಂದ ‘ಉದಯವಾಣಿ’ ಹೊರಟ ಮೇಲೆ ಜಿಲ್ಲೆಯ ಸುದ್ದಿ ಅದೇ ಬೆಳಿಗ್ಗೆ ಊರ ಅಂಗಡಿಗೆ ಬಂದು ಬೀಳತೊಡಗಿತು. ಓದಿದ ಸುದ್ದಿ ಕರಿಹಲಗೆಯ ಮೂಲೆಗೂ ಗೋಡೆ ಪತ್ರಿಕೆಗೂ ಏರಿತು. ಎಷ್ಟೋ ಮಕ್ಕಳಿಗೆ ಅದೇ ಮೊದಲ ಸಾರ್ವಜನಿಕ ಮಾತು.

ಈ ಪದ್ಧತಿಯ ಮಿತಿಯೂ ಅಲ್ಲೇ ಇದೆ. ವಾರ್ತೆ ಓದಿ ಮುಗಿಯುತ್ತದೆ, ಸಾಲು ಕರಗುತ್ತದೆ, ಮೊದಲ ಪಿರಿಯಡ್ಡಿನಲ್ಲಿ ಪುಸ್ತಕದ ಬೇರೆಯದೇ ಪುಟ ತೆರೆಯುತ್ತದೆ. ಸುದ್ದಿ ಓದಿಸಿದ ಶಾಲೆ ‘ಹೀಗೇಕಾಯಿತು’ ಎಂದು ಕೇಳಿಸಲಿಲ್ಲ.

ಅದೇ ಹೊತ್ತಿನಲ್ಲಿ ನಮ್ಮ ಸೀಮೆಯ ಚರಿತ್ರೆಯ ಸಂಶೋಧನೆ ಹುಲುಸಾಗಿ ಬೆಳೆಯಿತು. ಬಿ.ಎ. ಸಾಲೆತ್ತೂರರ ತುಳುವ ಇತಿಹಾಸದ ಗ್ರಂಥ 1936ರಲ್ಲೇ ಬಂದಿತ್ತು. 1970ರಲ್ಲಿ ಕೆ.ವಿ. ರಮೇಶರ ದಕ್ಷಿಣ ಕನ್ನಡದ ಇತಿಹಾಸ, 1975ರಲ್ಲಿ ಪಾದೂರು ಗುರುರಾಜ ಭಟ್ಟರ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಬೃಹತ್ ಅಧ್ಯಯನ ಪ್ರಕಟವಾದವು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿ ಅಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದ ಭಟ್ಟರು ಊರೂರು ಸುತ್ತಿ ಶಾಸನ, ದೇವಾಲಯ, ಮೂರ್ತಿಗಳನ್ನು ದಾಖಲಿಸಿದರು. ಈಚಿನ ವರ್ಷಗಳಲ್ಲಿ ಶಿರ್ವದ ಇತಿಹಾಸ ಸಂಶೋಧಕ ಟಿ. ಮುರುಗೇಶಿಯವರ ಶೋಧಗಳು ಪತ್ರಿಕೆಗಳಲ್ಲಿ ಆಗಾಗ ಸುದ್ದಿಯಾಗುತ್ತಿವೆ. ಊರಿನ ಪ್ರಾಚೀನತೆಯೇ ಇಲ್ಲಿ ಬೆಳಗಿನ ಸುದ್ದಿ. ಆದರೂ ಈ ಸಂಪತ್ತು ಹೈಸ್ಕೂಲಿನ ಪಾಠದವರೆಗೆ ಬಂದದ್ದು ಬಲು ಕಡಿಮೆ.

ನೀತಿ ಬದಲಾದ ಬಗೆ

ಅಮೆರಿಕದಲ್ಲಿ 1930ರ ದಶಕದಲ್ಲೇ ‘ನ್ಯೂಯಾರ್ಕ್ ಟೈಮ್ಸ್’ ತರಗತಿಗಳಿಗೆ ಪತ್ರಿಕೆ ಒದಗಿಸತೊಡಗಿತ್ತು. ಪತ್ರಿಕೆಯನ್ನೇ ಪಠ್ಯವಾಗಿ ಬಳಸುವ ಆ ಚಳವಳಿ ಆಮೇಲೆ ಹಲವು ದೇಶಗಳಿಗೆ ಹಬ್ಬಿತು. ನಮ್ಮಲ್ಲಿ ನಗರದ ಇಂಗ್ಲಿಷ್ ಪತ್ರಿಕೆಗಳು ಶಾಲಾ ಆವೃತ್ತಿಗಳನ್ನು ತಂದವು, ಕನ್ನಡ ಶಾಲೆಗಳ ಪಾಲಿಗೆ ಅಂಥದ್ದು ಹೆಚ್ಚು ಸಿಗಲಿಲ್ಲ. ಮಧ್ಯಪ್ರದೇಶದಲ್ಲಿ ‘ಏಕಲವ್ಯ’ ಸಂಸ್ಥೆ 1980ರ ದಶಕದಲ್ಲಿ ಕಂಠಪಾಠವನ್ನು ಬದಿಗಿಟ್ಟು ಪ್ರಶ್ನೆ, ಚರ್ಚೆಗಳ ಸುತ್ತ ಸಮಾಜ ವಿಜ್ಞಾನದ ಪುಸ್ತಕಗಳನ್ನು ರೂಪಿಸಿತು. 1993ರಲ್ಲಿ ಯಶಪಾಲ್ ಸಮಿತಿ ಮಾಹಿತಿಯ ಹೊರೆಯನ್ನು ಟೀಕಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಮೊದಲನೆಯದಾಗಿಯೇ ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದಿತು. ನಿರಂತರ ಮೌಲ್ಯಮಾಪನ ಬಂದ ಮೇಲೆ ಚಟುವಟಿಕೆ, ಯೋಜನಾ ಕಾರ್ಯಗಳಿಗೂ ಅಂಕ ಸಿಕ್ಕಿತು.

ಕಾಗದದ ಮೇಲೆ ಬಾಗಿಲು ತೆರೆಯಿತು ನಿಜ. ಆದರೆ ಎಸ್ಸೆಸ್ಸೆಲ್ಸಿಯ 80 ಅಂಕದ ಲಿಖಿತ ಪರೀಕ್ಷೆ, ಕಳೆದ ವರ್ಷಗಳ ಪ್ರಶ್ನೆಪತ್ರಿಕೆ, ಪಾಸಿಂಗ್ ಪ್ಯಾಕೇಜು ಇವುಗಳ ನಡುವೆ ಸುದ್ದಿ ಕತ್ತರಿಸಿ ಅಂಟಿಸಿದ ಪ್ರಾಜೆಕ್ಟ್ ಪುಸ್ತಕ ಬಹಳ ಕಡೆ ಅಂಕಕ್ಕಷ್ಟೇ ಉಳಿಯಿತು.

ಕೂಡಿಸುವುದೆಂದರೆ ಹೇಗೆ

ಒಳ್ಳೆಯ ತರಗತಿಯಲ್ಲಿ ಇದು ಹೇಗೆ ನಡೆಯುತ್ತದೆಂದು ಕೆಲವು ಸಂಗತಿಗಳನ್ನು ಹತ್ತಿರದಿಂದ ನೋಡಬಹುದು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ವಿಜಯಾ ಬ್ಯಾಂಕು ಹಿಂದಿನ ವರ್ಷವೇ ಬ್ಯಾಂಕ್ ಆಫ್ ಬರೋಡಾ ಸೇರಿತ್ತು. ಪೇಟೆಯ ಬೋರ್ಡುಗಳು ಬದಲಾದವು. ‘ಅಜ್ಜಿ, ಬ್ಯಾಂಕಿನ್ ಹೆಸ್ರ್ ಎಂತಕೆ ಬದ್ಲಾಯ್ತ್?’ ಎಂದು ಮಗು ಕೇಳಿದರೆ ಉತ್ತರ ನಾಲ್ಕು ಪಾಠಗಳಲ್ಲಿ ಹರಡಿದೆ. ಸ್ವದೇಶಿ ಚಳವಳಿಯ ಹೊತ್ತಿನಲ್ಲಿ, 1906ರಲ್ಲಿ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕಾರ್ಪೊರೇಶನ್ ಬ್ಯಾಂಕು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕು ಹುಟ್ಟಿದವು. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದಾಗ, 1925ರಲ್ಲಿ, ಸಿಂಡಿಕೇಟ್ ಬಂತು. 1928ರಿಂದ ಅದರ ಪಿಗ್ಮಿ ಏಜೆಂಟರು ಮನೆಮನೆಗೆ ಹೋಗಿ ಚಿಲ್ಲರೆ ಹಣ ಕೂಡಿಸಿದರು. ಜಾಗತಿಕ ಆರ್ಥಿಕ ಕುಸಿತದ ದಿನಗಳಲ್ಲಿ, 1931ರಲ್ಲಿ, ವಿಜಯಾ ಬ್ಯಾಂಕು ಆರಂಭವಾಯಿತು. 1969 ಮತ್ತು 1980ರ ರಾಷ್ಟ್ರೀಕರಣಗಳು ಕತೆಯ ಮುಂದಿನ ಭಾಗ. ಅಜ್ಜಿಯ ಹಳೆಯ ಪಾಸ್‌ಬುಕ್ಕು ಇಲ್ಲಿ ಇತಿಹಾಸದ ಆಕರ.

ಎರಡನೆಯದು, ಮನೆಯ ಕಬ್ಬಿಣದ ಪೆಟ್ಟಿಗೆಯೊಳಗಿನ ಜಮೀನಿನ ಕಾಗದ. 2020ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯ ಸುದ್ದಿ ಪತ್ರಿಕೆಗಳನ್ನು ತುಂಬಿತು, ಪರ ವಿರೋಧದ ಮಾತು ಜೋರಾಯಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ‘ಇದು ಡಿಕ್ಲರೇಶನ್‌ನಲ್ಲಿ ಬಂದ ಜಾಗ’ ಎಂಬ ಮಾತು ಈಗಲೂ ಇದೆ. ದೇವರಾಜ ಅರಸರ ಕಾಲದ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತು ಪಡೆದ ಜಮೀನು ಅದು. ಮೂಲಗೇಣಿ, ಚಾಲಗೇಣಿ ಎಂದರೇನು, ಧಣಿ ಮತ್ತು ಒಕ್ಕಲಿನ ಸಂಬಂಧ ಹೇಗಿತ್ತು ಎಂಬುದನ್ನು ಪುಸ್ತಕ ಒಂದು ಸಾಲಿನಲ್ಲಿ ಮುಗಿಸುತ್ತದೆ. ಅಜ್ಜ ಅದನ್ನು ಒಂದು ಸಂಜೆ ಪೂರ್ತಿ ಹೇಳಬಲ್ಲರು. ಜಮೀನು ಪಡೆದ ಮನೆಯ ಮಗು, ಕಳೆದುಕೊಂಡ ಮನೆಯ ಮಗು ಎರಡೂ ಒಂದೇ ಬೆಂಚಿನಲ್ಲಿ ಕೂತಿರುವುದು ಈ ಪಾಠದ ಕಷ್ಟ, ಅದೇ ಅದರ ಬೆಲೆ ಕೂಡ.

ಮೂರನೆಯದು ಕೊರೋನಾ. 2020ರ ಮಾರ್ಚಿನಲ್ಲಿ ಸರಕಾರ ಕೈಗೆತ್ತಿಕೊಂಡದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು. ಅದು ಮುಂಬಯಿ ಪ್ರಾಂತ್ಯದ ಪ್ಲೇಗಿನ ಸಂದರ್ಭದಲ್ಲಿ ಬ್ರಿಟಿಷರು ಮಾಡಿದ ಕಾನೂನು. ಪುಣೆಯಲ್ಲಿ ಪ್ಲೇಗ್ ಅಧಿಕಾರಿಗಳ ದಬ್ಬಾಳಿಕೆ, ಚಾಪೇಕರ್ ಸಹೋದರರಿಂದ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಹತ್ಯೆ, ‘ಕೇಸರಿ’ಯ ಬರಹಗಳಿಗಾಗಿ ತಿಲಕರಿಗೆ ರಾಜದ್ರೋಹದ ಶಿಕ್ಷೆ, ಎಲ್ಲವೂ ಅದೇ ವರ್ಷದ ಘಟನೆಗಳು. ಆ ರಾಜದ್ರೋಹದ ಕಲಮನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆಹಿಡಿದಾಗ ಸುದ್ದಿ ಮತ್ತೆ ಪಾಠಕ್ಕೆ ಬಂತು. ಆದರೆ ಎರಡು ಕಾಲಗಳು ಒಂದೇ ಅಲ್ಲ. 1897ರಲ್ಲಿ ಎಲ್ಲ ಪ್ರಜೆಗಳಿಗೆ ಮತದ ಹಕ್ಕಿರಲಿಲ್ಲ, ಮೂಲಭೂತ ಹಕ್ಕುಗಳಿರಲಿಲ್ಲ. ಏನು ಹೋಲುತ್ತದೆ ಎನ್ನುವುದರ ಜೊತೆಗೆ ಏನು ಹೋಲುವುದಿಲ್ಲ ಎಂದೂ ಕೇಳಿದಾಗ ಮಾತ್ರ ಈ ಕಲಿಕೆ ಪೂರ್ತಿಯಾಗುತ್ತದೆ.

ಪಾಠವೇ ಸುದ್ದಿಯಾದಾಗ

ಕಳೆದ ಹತ್ತು ವರ್ಷಗಳಲ್ಲಿ ಇತಿಹಾಸದ ಪಾಠವೇ ಮುಖಪುಟಕ್ಕೆ ಬಂದಿದೆ. ಬರಗೂರು ರಾಮಚಂದ್ರಪ್ಪನವರ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಲ್ಲಿ ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿಯ ಮರುಪರಿಷ್ಕರಣೆ ದೊಡ್ಡ ವಿವಾದವಾಯಿತು. 2023ರಲ್ಲಿ ಹೊಸ ಸರಕಾರ ಮತ್ತೆ ಬದಲಾವಣೆ ಮಾಡಿತು. ಮಕ್ಕಳಿಗೆ ಇದರಿಂದ ಗೊಂದಲವಾಗುತ್ತದೆ ಎಂಬ ಮಾತು ನಿಜವಾದರೂ ಇದರಲ್ಲೊಂದು ಪಾಠವೂ ಇದೆ. ಇತಿಹಾಸವನ್ನು ಯಾರು ಬರೆಯುತ್ತಾರೆ, ಯಾವ ಆಧಾರದ ಮೇಲೆ ಬರೆಯುತ್ತಾರೆ ಎಂಬ ಪ್ರಶ್ನೆಯನ್ನು ಎತ್ತಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿಲ್ಲ.

ಅದೇ 2022ರಲ್ಲಿ ಸಮವಸ್ತ್ರ ಮತ್ತು ಹಿಜಾಬಿನ ವಿವಾದದಿಂದ ಉಡುಪಿ, ಕುಂದಾಪುರದ ಕಾಲೇಜುಗಳೇ ರಾಷ್ಟ್ರದ ಸುದ್ದಿಯಾದವು. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು ಬಂತು. ತಮ್ಮದೇ ಗೆಳತಿಯರು ಸುದ್ದಿಯಾದಾಗ ತರಗತಿ ಮೌನವಾಗುವುದು ಸಹಜ. ಅಂಥ ಹೊತ್ತಿನಲ್ಲಿ ಶಿಕ್ಷಕರಿಗೆ ಇತಿಹಾಸ ಒಂದು ಆಸರೆ. ಧಾರ್ಮಿಕ ಸ್ವಾತಂತ್ರ್ಯದ ವಿಧಿಯ ಮೇಲೆ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ನಡೆದ ಚರ್ಚೆಯನ್ನು ಓದಿಸಿದರೆ, ಭಿನ್ನಾಭಿಪ್ರಾಯವನ್ನು ದ್ವೇಷವಿಲ್ಲದೆ ಆಡಬಹುದೆಂದು ಮಕ್ಕಳು ಕಾಣುತ್ತಾರೆ.

ಇಂದಿನ ಸವಾಲು, ಮಾಡಬೇಕಾದ ಕೆಲಸ

ಈಗ ಸುದ್ದಿ ಮೊಬೈಲಿನಲ್ಲಿ ಬರುತ್ತದೆ, ಇತಿಹಾಸವೂ ವಾಟ್ಸ್ಯಾಪಿನಲ್ಲಿ ಫಾರ್ವರ್ಡ್ ಆಗಿಯೇ ಬರುತ್ತದೆ. ಅಲ್ಲಿ ಎರಡೂ ಆಗಲೇ ಜೋಡಿಸಲ್ಪಟ್ಟಿರುತ್ತವೆ, ಬಹಳ ಸಲ ಸಿಟ್ಟಿಗೆಂದೇ. ಶಾಲೆ ಜೋಡಿಸದಿದ್ದರೆ ಬೇರೆಯವರು ಜೋಡಿಸುತ್ತಾರೆ. ಆದ್ದರಿಂದ ಈ ಕೆಲಸವನ್ನು ಶಿಕ್ಷಕರ ವೈಯಕ್ತಿಕ ಉತ್ಸಾಹಕ್ಕೆ ಬಿಟ್ಟು ಕೂರುವಂತಿಲ್ಲ.

ಸುಮಾರು 180 ವರ್ಷಗಳ ಈ ದಾರಿ ಹೇಳುವುದಿಷ್ಟು: ಪತ್ರಿಕೆಗೂ ಪುಸ್ತಕಕ್ಕೂ ನಮ್ಮಲ್ಲಿ ಕೊರತೆಯಾಗಲಿಲ್ಲ. ಎರಡನ್ನೂ ಕೂಡಿಸುವ ಸ್ಥಳ ನಮ್ಮ ಊರು, ಕೂಡಿಸುವ ಸಾಧನ ಮಗುವಿನ ಪ್ರಶ್ನೆ ಎಂಬುದನ್ನು ಶಾಲೆ ಮರೆಯಿತು. ವಾರಕ್ಕೊಂದು ಪಿರಿಯಡ್ ಇದಕ್ಕೆಂದೇ ಇರಲಿ. ಪ್ರತಿ ಹೈಸ್ಕೂಲಿಗೆ ಕನಿಷ್ಠ ಎರಡು ಪತ್ರಿಕೆ ಬರಲಿ, ಒಂದೇ ಸುದ್ದಿಯನ್ನು ಎರಡರಲ್ಲೂ ಓದಿಸಲಿ. ಕಾಲೇಜುಗಳ ಇತಿಹಾಸ ವಿಭಾಗಗಳು ಬಸ್ರೂರು, ಬಾರಕೂರು, ಹಟ್ಟಿಯಂಗಡಿ, ಗಂಗೊಳ್ಳಿಗಳ ಬಗ್ಗೆ ಹೈಸ್ಕೂಲು ಮಕ್ಕಳಿಗೆ ತಿಳಿಯುವ ಸಣ್ಣ ಪುಸ್ತಕಗಳನ್ನು ಬರೆದುಕೊಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಸುದ್ದಿಯ ತುಣುಕೊಂದನ್ನು ಕೊಟ್ಟು ಅದರ ಹಿನ್ನೆಲೆ ಬರೆಸುವ ಒಂದು ಪ್ರಶ್ನೆಯನ್ನು ಪರೀಕ್ಷಾ ಮಂಡಳಿ ಎಸ್ಸೆಸ್ಸೆಲ್ಸಿಯಲ್ಲಿ ಇಡಲಿ. ಪರೀಕ್ಷೆಯಲ್ಲಿ ಕೇಳಿದ್ದನ್ನು ನಮ್ಮ ಶಾಲೆಗಳು ಕಲಿಸದೆ ಬಿಡುವುದಿಲ್ಲ.